ಒಳಮೈ ತಿರುಗಿಸಿ ನೋಡಿ: ಟ್ರೊಂಡ್‌ಹೈಮ್, ಸೆಲ್ಬು ಮತ್ತು ಎರಡು ಬಣ್ಣದ ಕಾಲುಚೀಲ

ನಾರ್ವೆಯಲ್ಲಿ ಯಾರ ಮನೆಗೆ ಹೋದರೂ ಬಾಗಿಲಲ್ಲೇ ಷೂ ಬಿಡಬೇಕು, ನಮ್ಮೂರಿನ ಹಾಗೆಯೇ. ಆದರೆ ಬರಿಗಾಲಲ್ಲಿ ನಡೆದರೆ ನೆಲ ಕೊರೆಯುತ್ತದೆ; ಊಟ, ಹರಟೆ ಎಲ್ಲ ಕಾಲುಚೀಲದಲ್ಲೇ. ಹಾಗಾಗಿ ಇಲ್ಲಿ ಕಾಲುಚೀಲ ನಾಲ್ಕು ಜನರ ಕಣ್ಣಿಗೆ ಬೀಳುವ ಬಟ್ಟೆ. ಮಕ್ಕಳನ್ನು ನೋಡಲು ಬೇಸಿಗೆಯಲ್ಲಿ ಟ್ರೊಂಡ್‌ಹೈಮ್‌ಗೆ ಬರುವ ಅಮ್ಮಂದಿರು ಅಂಗಡಿಯಲ್ಲಿ ಕಪ್ಪು-ಬಿಳುಪಿನ ಎಂಟೆಸಳ ಹೂವಿರುವ ಜೊತೆಯೊಂದನ್ನು ಕೈಗೆತ್ತಿಕೊಂಡು, ಬೆಲೆ ನೋಡಿ ಕೆಳಗಿಟ್ಟು, ‘ಇದನ್ನು ನಾವೇ ಹೆಣೆಯಬಹುದಲ್ಲ’ ಎನ್ನುವುದು ಮಾಮೂಲು. ಖಂಡಿತ ಹೆಣೆಯಬಹುದು. ಸ್ವೆಟರ್ ಹಾಕಿ ಅಭ್ಯಾಸವಿರುವ ಕೈಗೆ ಇದು ಕಷ್ಟದ ಕೆಲಸವೇನಲ್ಲ. ಕೆಡುವುದು ಮಾತ್ರ ಹೆಚ್ಚಾಗಿ ಒಂದೇ ಕಡೆ: ಕಾಣದ ಒಳಮೈಯಲ್ಲಿ. ಆದ್ದರಿಂದ ಉಲ್ಲನ್ ಕೊಳ್ಳುವ ಮೊದಲು ಒಂದು ದಿನ ಇಟ್ಟುಕೊಂಡು ಆ ಹೂವಿನ ಊರಾದ ಸೆಲ್ಬುವಿಗೆ ಹೋಗಿ ಬರುವುದು ಒಳ್ಳೆಯದು.

ಟ್ರೊಂಡ್‌ಹೈಮ್ ಪಟ್ಟಣಕ್ಕೆ ಎರಡು ದಿನ ಸಾಕು. ನಿಡಾರೋಸ್ ಕೆಥೆಡ್ರಲ್ಲಿನ ಪಶ್ಚಿಮದ ಗೋಡೆಯ ತುಂಬ ಸಾಲುಸಾಲು ವಿಗ್ರಹಗಳಿವೆ; ಹಳೇಬೀಡಿನ ಹೊರಗೋಡೆಯ ಎದುರು ನಿಲ್ಲುವಷ್ಟೇ ಹೊತ್ತು ಇಲ್ಲೂ ನಿಲ್ಲಬೇಕಾಗುತ್ತದೆ. 1030ರಲ್ಲಿ ಯುದ್ಧದಲ್ಲಿ ಸತ್ತು ಸಂತನೆನಿಸಿಕೊಂಡ ದೊರೆ ಓಲಾವನ ಸಮಾಧಿಯ ಮೇಲೆ 1070ರಲ್ಲಿ ಕಟ್ಟಲು ತೊಡಗಿದ್ದು. ಅಲ್ಲಿಂದ ಹಳೆಯ ಮರದ ಸೇತುವೆ ದಾಟಿದರೆ ಬಕ್‌ಲಾಂಡೆಟ್ ಓಣಿಗಳು, ಸೈಕಲ್ ಸವಾರರನ್ನು ಏರಿನ ಮೇಲಕ್ಕೆ ತಳ್ಳುವ ಲಿಫ್ಟು. ಸ್ವೆರೆಸ್‌ಬೋರ್ಗಿನ ಬಯಲು ಮ್ಯೂಸಿಯಮ್ಮಿಗೆ ಅರ್ಧ ದಿನ ಬೇಕು. ಹನ್ನೆರಡನೆಯ ಶತಮಾನದ ಪುಟ್ಟ ಮರದ ಚರ್ಚೊಂದನ್ನು ಅಲ್ಲಿಗೆ ತಂದು ನಿಲ್ಲಿಸಿದ್ದಾರೆ. ಭಾನುವಾರ ಈ ಎಲ್ಲ ಸುತ್ತಾಟಕ್ಕೆ ಸರಿ, ಉಲ್ಲನ್ ಖರೀದಿಗಲ್ಲ. ಅಂದು ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೂ ಬೇಗ ಬಾಗಿಲು ಹಾಕುವ ಅಂಗಡಿಗಳುಂಟು.

ಸೆಲ್ಬು ಇರುವುದು ವೇರ್ನೆಸ್ ವಿಮಾನ ನಿಲ್ದಾಣದಿಂದ ಒಳನಾಡಿಗೆ, ಉದ್ದನೆಯ ಸರೋವರವೊಂದರ ದಂಡೆಯಲ್ಲಿ. ಟ್ರೊಂಡ್‌ಹೈಮಿನಿಂದ ಕಾರಲ್ಲಿ ಸುಮಾರು ಒಂದು ಗಂಟೆ. ಬಸ್ಸಿದೆ, ಆದರೆ ವಾರಾಂತ್ಯದಲ್ಲಿ ತೀರ ಕಡಿಮೆ. ವಾಪಸ್ ಬಸ್ಸಿನ ಹೊತ್ತು ನೋಡಿಕೊಂಡೇ ಹೊರಡಿ. ಸ್ಥಳೀಯ ಮ್ಯೂಸಿಯಂ ಬೇಸಿಗೆ ಬಿಟ್ಟರೆ ತೆರೆದಿರುವ ದಿನಗಳು ಕಡಿಮೆ, ಮೊದಲೇ ವಿಚಾರಿಸಿಕೊಳ್ಳಬೇಕು. ವಿಮಾನ ನಿಲ್ದಾಣದ ಪಕ್ಕದಲ್ಲೇ ‘ಹೆಲ್’ ಎಂಬ ರೈಲು ನಿಲ್ದಾಣವಿದೆ. ಅಲ್ಲಿನ ‘ಗೊಡ್ಸ್ ಎಕ್ಸ್‌ಪೆಡಿಶೊನ್’ ಎಂಬ ಹಳೆಯ ಬೋರ್ಡಿನ ಮುಂದೆ ಪ್ರವಾಸಿಗಳೆಲ್ಲ ಫೋಟೊ ತೆಗೆಸಿಕೊಳ್ಳುತ್ತಾರೆ. ಅದರ ಅರ್ಥ ಬರೀ ಗೂಡ್ಸ್ ಕಚೇರಿ, ಅಷ್ಟೆ.

ಸೆಲ್ಬುವಿನ ಕತೆ ಎಲ್ಲರೂ ಹೇಳುವುದು ಹೀಗೆ. 1857ರಲ್ಲಿ ಮಾರಿಟ್ ಎಮ್‌ಸ್ಟಾಡ್ ಎಂಬ ಹದಿಹರೆಯದ ಹುಡುಗಿ ಎಂಟೆಸಳ ಹೂವನ್ನು ಎರಡು ಬಣ್ಣದಲ್ಲಿ ಕೈಗವಸಿಗೆ ಇಳಿಸಿದಳು. ಅಕ್ಕತಂಗಿಯರೊಂದಿಗೆ ಅದನ್ನು ಹಾಕಿಕೊಂಡು ಚರ್ಚಿಗೆ ಹೋದಳು. ಊರೇ ಕಲಿಯಿತು. ಹೂವಿನ ಆಕಾರವೇನೂ ಅವಳು ಹುಟ್ಟಿಸಿದ್ದಲ್ಲ, ಅದು ಬಹಳ ಹಳೆಯದು, ಬಹಳ ದೇಶಗಳಲ್ಲಿದೆ. ಮುಂದೆ ಮದುವೆಗಳಲ್ಲಿ ಉಡುಗೊರೆ ಕೊಡಲು ಹೆಣೆದರು, ಮಾರಾಟಕ್ಕೆ ಹೆಣೆದರು. ಹೆಣಿಗೆಯ ಗುಣಮಟ್ಟ ಕಾಯಲು 1934ರಲ್ಲಿ ಊರಿನದೇ ಒಂದು ಕೇಂದ್ರ ಶುರುವಾಯಿತು. ಬೆಟ್ಟದ ಮೇಲೆ ಇನ್ನೊಂದು ಹಳೆಯ ಕಸುಬಿನ ಗುರುತಿದೆ: ಬೀಸುಕಲ್ಲಿನ ಗಣಿಗಳು. ಅಲ್ಲಿಯ ಕಲ್ಲಿನಲ್ಲಿ ಮೆತ್ತನೆಯ ಅಭ್ರಕದ ನಡುವೆ ಗಟ್ಟಿ ಹರಳುಗಳು ಕೂತಿವೆ. ಮೆತ್ತನೆಯದು ಸವೆದಂತೆ ಹರಳು ಮೇಲೆದ್ದು ಕಲ್ಲು ತಾನೇ ಒರಟಾಗುತ್ತದೆ. ಬೀಸುಕಲ್ಲಿಗೆ ಉಳಿ ಹಾಕಿಸಲು ಕಾಯುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಈ ಕಲ್ಲು ಸಿಕ್ಕಿದ್ದರೆ!

ಮ್ಯೂಸಿಯಮ್ಮಿನಲ್ಲಿ ಹೂವನ್ನು ಎಲ್ಲರೂ ನೋಡುತ್ತಾರೆ. ನೀವು ಹೂವಿನ ಸುತ್ತಲಿನ ಖಾಲಿ ಜಾಗ ನೋಡಿ. ಮೂಲೆಗಳಲ್ಲಿ ಸಣ್ಣ ಚುಕ್ಕೆ, ಪುಟ್ಟ ಶಿಲುಬೆಯಂಥ ಗುರುತು, ಅಂಗೈ ಕಡೆ ಒಂದು ಕಪ್ಪು ಒಂದು ಬಿಳಿ ಚೌಕುಳಿ. ಅಂದಕ್ಕೆ ಹಾಕಿದ್ದೂ ಹೌದು. ಆದರೆ ಇನ್ನೊಂದು ಕಾರಣವಿದೆ. ಎರಡು ಬಣ್ಣದ ಹೆಣಿಗೆಯಲ್ಲಿ ಎರಡೂ ನೂಲು ಪ್ರತಿ ಸುತ್ತಿನಲ್ಲೂ ಜೊತೆಗೇ ಸಾಗುತ್ತವೆ. ಮುಂದೆ ಕಾಣುವ ಬಣ್ಣ ಕುಣಿಕೆಯಾಗುತ್ತದೆ, ಕಾಣದ ಬಣ್ಣ ಹಿಂದೆ ಎಳೆಯಾಗಿ ಹಾಯುತ್ತದೆ. ಒಂದೇ ಬಣ್ಣ ಹತ್ತು ಕುಣಿಕೆ ಬಂದರೆ ಹಿಂದೆ ಮೂರು ಸೆಂಟಿಮೀಟರಿನ ಎಳೆ ಜೋತುಬೀಳುತ್ತದೆ, ಹಾಕಿಕೊಳ್ಳುವಾಗ ಹೆಬ್ಬೆರಳು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ನಡುವೆ ಒಂದು ಚುಕ್ಕೆ ಬಂತೆಂದರೆ ಎಳೆ ಎರಡು ತುಂಡಾಯಿತು. ಧಾರವಾಡದ ಕಸೂತಿ ಬಲ್ಲವರಿಗೆ ಇದು ಬೇಗ ಹೊಳೆಯುತ್ತದೆ. ಗವಂತಿ, ಮುರ್ಗಿ ಹೊಲಿಗೆ ಹಾಕಿದರೆ ಸೀರೆಯ ಎರಡೂ ಮೈ ಒಂದೇ. ನೇಗಿ ಹೊಲಿಗೆ ಹಾಗಲ್ಲ, ಹಿಂದೆ ತಿರುಗಿಸಿದರೆ ಚಿತ್ರ ಅದಲುಬದಲು. ಸೆಲ್ಬುವಿನ ಹೆಣಿಗೆ ನೇಗಿಯ ಜಾತಿಯದು. ಗಾಜಿನೊಳಗಿನದ್ದನ್ನು ಮುಟ್ಟುವ ಹಾಗಿಲ್ಲ, ಆದರೆ ಕೈಹೆಣಿಗೆ ಮಾರುವ ಅಂಗಡಿಯಲ್ಲಿ ಕೇಳಿ ಒಂದು ಕೈಗವಸಿನ ಒಳಮೈ ತಿರುಗಿಸಿ ನೋಡಿ. ಎಳೆಗಳು ಸಡಿಲವಾಗಿ, ಆದರೆ ಜೋಲದೆ, ಮಟ್ಟಸವಾಗಿ ಮಲಗಿರುತ್ತವೆ. ನಿಮ್ಮ ಕಾಲುಚೀಲದ ಒಳಮೈ ಹಾಗೆ ಬರಬೇಕು.

ಈಗ ನೂಲು. ಕೈಗವಸಿಗೆ ಇಲ್ಲಿಯವರು ಅಪ್ಪಟ ಉಣ್ಣೆ ಬಳಸುತ್ತಾರೆ, ಕಾಲುಚೀಲಕ್ಕೆ ಅದು ಹಿಮ್ಮಡಿಯಲ್ಲಿ ಬೇಗ ಸವೆಯುತ್ತದೆ. 80% ಉಣ್ಣೆ, 20% ಪಾಲಿಅಮೈಡ್ (ನೈಲಾನ್) ಇರುವ, 50 ಗ್ರಾಂ ಉಂಡೆಗೆ 175 ಮೀಟರ್ ಬರುವ ನೂಲು ಕೇಳಿ. ಸಾಂಡ್ನೆಸ್ ಕಂಪನಿಯ ಸಿಸು ಈ ಅಳತೆಯದು. ಹಿನ್ನೆಲೆ ಬಣ್ಣ ಎರಡು ಉಂಡೆ, ಹೂವಿನ ಬಣ್ಣ ಒಂದು. ಲೇಬಲ್ಲಿನಲ್ಲಿ ‘ಉಲ್’ ಎಂದರೆ ಉಣ್ಣೆ, ‘ಪಿನ್ನೆರ್’ ಎಂದರೆ ಕಡ್ಡಿ. ಎರಡೂ ಕಡೆ ಮೊನೆಯಿರುವ ಐದು ಕಡ್ಡಿಗಳ ಸೆಟ್ಟು 2 ಮಿ.ಮೀ.ಯದು ಒಂದು, 2.5ರದು ಒಂದು ಬೇಕು. ಕೆಂಪು-ಬಿಳಿ ಆರಿಸಿದರೆ ಮನೆಯಲ್ಲಿ ಕೆಂಪು ಎಳೆಯೊಂದನ್ನು ಬಿಸಿನೀರಲ್ಲಿ ಅದ್ದಿ ಬಿಳಿ ಬಟ್ಟೆಯ ಮೇಲೆ ಒತ್ತಿ. ಬಣ್ಣ ಬಿಟ್ಟರೆ ಆ ಕೆಂಪು ಈ ಕೆಲಸಕ್ಕೆ ಬೇಡ.

ಕೆಳಗಿನ ಲೆಕ್ಕ 22–23 ಸೆಂ.ಮೀ. ಸುತ್ತಳತೆಯ ಪಾದಕ್ಕೆ, ಎರಡು ಬಣ್ಣದಲ್ಲಿ 10 ಸೆಂ.ಮೀ.ಗೆ 32 ಕುಣಿಕೆ ಬರುವ ಕೈಗೆ. ಮಾದರಿ ತುಂಡನ್ನು ಚಪ್ಪಟೆಯಾಗಿ ಹಾಕಿ ಅಳೆದರೆ ಮೋಸಹೋಗುತ್ತೀರಿ, ಸುತ್ತಾಗಿಯೇ ಹಾಕಿ ನೋಡಬೇಕು. ಬಹಳಷ್ಟು ಜನಕ್ಕೆ ಎರಡು ಬಣ್ಣದ ಹೆಣಿಗೆ ಒಂದು ಬಣ್ಣದ್ದಕ್ಕಿಂತ ಬಿಗಿ ಬರುತ್ತದೆ. ಅದಕ್ಕೇ ಎರಡು ಅಳತೆಯ ಕಡ್ಡಿ.

2ರ ಕಡ್ಡಿಯಲ್ಲಿ 72 ಕುಣಿಕೆ ಸಡಿಲವಾಗಿ ಏರಿಸಿ, ಎರಡು ಸೀದಾ ಎರಡು ಉಲ್ಟಾ ಅಂಚು 4–5 ಸೆಂ.ಮೀ. ಒಂದೇ ಬಣ್ಣದಲ್ಲಿ. ಅಂಚನ್ನೂ ಎರಡು ಬಣ್ಣದಲ್ಲಿ ಹಾಕಿದರೆ ನೋಡಲು ಚೆಂದ, ಆದರೆ ಹಿಗ್ಗುವುದಿಲ್ಲ. ಆಮೇಲೆ 2.5ರ ಕಡ್ಡಿಗೆ ಬದಲಿಸಿ, ಮುಂದೊಂದು ಹಿಂದೊಂದು ಹೂವು: ಹೂವಿಗೆ 31 ಕುಣಿಕೆ, ಪಕ್ಕದ ಪಟ್ಟಿಗೆ 5. ಎರಡು ಬಣ್ಣದಲ್ಲಿ ಕುಣಿಕೆ ಹೆಚ್ಚುಕಡಿಮೆ ಚೌಕವಾಗಿರುತ್ತದೆ, ಹಾಗಾಗಿ ಚೌಕುಳಿ ಹಾಳೆಯ ಮೇಲೆ ಬರೆದ ಹೂವು ಕಾಲಿನ ಮೇಲೂ ದುಂಡಗೇ ಕಾಣುತ್ತದೆ. ಸುತ್ತು ಶುರುವಾಗುವ ಜಾಗ ಪಕ್ಕದ ಪಟ್ಟಿಯೊಳಗೆ ಬರಲಿ, ಅಲ್ಲಿಯ ಮೆಟ್ಟಿಲು ಪಟ್ಟಿಯ ಗೆರೆಯಲ್ಲಿ ಮುಚ್ಚಿಹೋಗುತ್ತದೆ.

ನೂಲು ಹಿಡಿಯುವ ಕ್ರಮಕ್ಕೆ ಸ್ವಲ್ಪ ನಿಲ್ಲೋಣ. ಇಲ್ಲಿಯವರು ಎರಡೂ ಎಳೆಗಳನ್ನು ಎಡಗೈ ತೋರುಬೆರಳ ಮೇಲೆ ಇಟ್ಟುಕೊಂಡು ಕಡ್ಡಿಯಿಂದ ಕೀಳುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಬಲಗೈಯಿಂದ ನೂಲು ಸುತ್ತಿ ಕಲಿತವರು. ಅವರಿಗೆ ಸುಲಭದ ದಾರಿ: ಹಿನ್ನೆಲೆಯ ನೂಲು ಬಲಗೈಗೆ, ಹೂವಿನ ನೂಲು ಎಡಗೈಗೆ. ಹಿಂದೆ ಹಾಯುವಾಗ ಎಡಗೈ ಎಳೆ ಕೆಳಗಿರುತ್ತದೆ. ಕೆಳಗಿನ ಎಳೆಯ ಕುಣಿಕೆ ಒಂದು ಕೂದಲಷ್ಟು ದೊಡ್ಡದಾಗಿ ಮುಂದೆ ಬರುತ್ತದೆ, ಹೂವು ಎದ್ದು ಕಾಣುತ್ತದೆ. ಕಾಫಿ ಕುಡಿದು ಬಂದು ಕೈ ಅದಲುಬದಲಾಗಿ ಹಿಡಿದರೆ ಅಲ್ಲಿಂದ ಮುಂದಕ್ಕೆ ಹೂವು ಮಂಕಾಗುತ್ತದೆ. ಹೆಣೆಯುವಾಗ ಗೊತ್ತಾಗುವುದಿಲ್ಲ, ಎರಡು ಮೀಟರ್ ದೂರ ಇಟ್ಟು ನೋಡಿದರೆ ಗೆರೆ ಎಳೆದ ಹಾಗೆ ಕಾಣುತ್ತದೆ. ಇದನ್ನು ತೊಳೆದು ಸರಿಮಾಡಲಾಗದು, ಬಿಚ್ಚಲೇಬೇಕು.

ಎಳೆ ಬಿಗಿಯಾಗದಿರಲು, ಬಣ್ಣ ಬದಲಿಸುವ ಮುನ್ನ ಬಲಗಡ್ಡಿಯ ಮೇಲಿನ ಕುಣಿಕೆಗಳನ್ನು ಬೆರಳಿನಿಂದ ಹರಡಿ. ಕಡ್ಡಿಯಿಂದ ಕಡ್ಡಿಗೆ ದಾಟುವ ಜಾಗದಲ್ಲಿ ಎಳೆ ಮೂಲೆ ಕತ್ತರಿಸಿಕೊಂಡು ಚಿಕ್ಕದಾಗುತ್ತದೆ, ಚೀಲದ ಮೇಲೆ ಉದ್ದಕ್ಕೆ ಕುಗ್ಗಿದ ಗೆರೆ ಬೀಳುತ್ತದೆ. ಪರಿಹಾರ ವಿಚಿತ್ರವೆನಿಸಬಹುದು: ಚೀಲದ ಒಳಮೈ ಹೊರಗೆ ಬರುವಂತೆ ತಿರುಗಿಸಿ, ಸೀದಾ ಮೈ ಒಳಗಡೆಯಿಂದ ಕಾಣುವಂತೆ ಹೆಣೆಯುವುದು. ಆಗ ಎಳೆ ಕೊಳವೆಯ ಹೊರಸುತ್ತಿನಲ್ಲಿ ಹಾಯಬೇಕಾಗುತ್ತದೆ, ತಾನಾಗಿಯೇ ಉದ್ದ ಉಳಿಯುತ್ತದೆ. ಐದು ಕುಣಿಕೆಗಿಂತ ಉದ್ದ ಹಾಯುವ ಎಳೆಯನ್ನು ನಡುವೆ ಒಮ್ಮೆ ಕೆಲಸದ ನೂಲಿನಡಿ ಸಿಕ್ಕಿಸಿ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಸಿಕ್ಕಿಸಬೇಡಿ, ಮುಂದೆ ಇಣುಕುತ್ತದೆ. ಎಲ್ಲವನ್ನೂ ಸಿಕ್ಕಿಸುವ ಅತಿ ಜಾಗ್ರತೆಯವರ ಚೀಲ ರಟ್ಟಿನಂತಾಗುತ್ತದೆ.

ಆರು ಸೆಂಟಿಮೀಟರ್ ಹೂವು ಬಂದಾಗ ನಿಲ್ಲಿಸಿ, ಕುಣಿಕೆಗಳನ್ನು ದಾರಕ್ಕೆ ಇಳಿಸಿ ಕಾಲಿಗೆ ಹಾಕಿ ನೋಡಿ. ಪಾದದ ಸುತ್ತಳತೆ ಸರಿಯಿದ್ದರೂ ಚೀಲ ದಾಟಬೇಕಾದದ್ದು ಹಿಮ್ಮಡಿಯ ತುದಿಯಿಂದ ಪಾದದ ಏರಿನವರೆಗಿನ ಓರೆ ಸುತ್ತನ್ನು. ಅದು ಪಾದಕ್ಕಿಂತ ಆರೇಳು ಸೆಂ.ಮೀ. ಹೆಚ್ಚೇ ಇರುತ್ತದೆ. ಒಂದು ಬಣ್ಣದ ಚೀಲ ಹಿಗ್ಗಿ ದಾಟುತ್ತದೆ, ಎರಡು ಬಣ್ಣದ್ದನ್ನು ಹಿಂದಿನ ಎಳೆ ಹಿಡಿದು ನಿಲ್ಲಿಸುತ್ತದೆ. ದಾಟದಿದ್ದರೆ ಇಲ್ಲೇ ಬಿಚ್ಚಿ, ದೊಡ್ಡ ಕಡ್ಡಿಯಲ್ಲಿ ಮತ್ತೆ ಶುರುಮಾಡಿ. ‘ತೊಳೆದರೆ ಸಡಿಲವಾಗುತ್ತದೆ’ ಎಂದು ಮುಂದುವರಿಸಿದವರ ಚೀಲಗಳು ಕೊನೆಗೆ ಮಕ್ಕಳ ಪಾಲಾಗುತ್ತವೆ.

ಹೂವು ಮುಗಿದ ಮೇಲೆ ಹಿಮ್ಮಡಿ. ಅದಕ್ಕೆ ಒಂದೇ ಬಣ್ಣ ಸಾಕು. ಎರಡು ಬಣ್ಣದಲ್ಲಿ ಉಲ್ಟಾ ಸಾಲು ಹಾಕುವುದು ಹಿಂಸೆ. 2ರ ಕಡ್ಡಿಯಲ್ಲಿ ಹಿಂಬದಿಯ 36 ಕುಣಿಕೆ, 36 ಸಾಲು, ಹಿಂದುಮುಂದು. ಸೀದಾ ಸಾಲಿನಲ್ಲಿ ಒಂದು ಬಿಟ್ಟು ಒಂದು ಕುಣಿಕೆಯನ್ನು ಹೆಣೆಯದೆ ಜಾರಿಸಿ, ದಪ್ಪ ಬರುತ್ತದೆ. ಪ್ರತಿ ಸಾಲಿನ ಮೊದಲ ಕುಣಿಕೆಯನ್ನೂ ಜಾರಿಸಿದರೆ ಅಂಚು ಸರಪಳಿಯಾಗುತ್ತದೆ. ಹೂವಿನ ಬಣ್ಣವನ್ನು ಇಲ್ಲಿ 15 ಸೆಂ.ಮೀ. ಬಾಲ ಬಿಟ್ಟು ಕತ್ತರಿಸಲೇಬೇಕು, ಏಕೆಂದರೆ ಮತ್ತೆ ಅದು ಬೇಕಾಗುವುದು ಪಾದದ ಮೇಲ್ಭಾಗದ ಇನ್ನೊಂದು ತುದಿಯಲ್ಲಿ. ಹಿಮ್ಮಡಿ ತಿರುವಿಗೆ: 20 ಸೀದಾ, ಎರಡನ್ನು ಒಂದು ಮಾಡಿ, ಒಂದು ಸೀದಾ, ತಿರುಗಿ, ಒಂದು ಜಾರಿಸಿ, 5 ಉಲ್ಟಾ, ಎರಡನ್ನು ಒಂದು, ಒಂದು ಉಲ್ಟಾ, ತಿರುಗಿ. ಹೀಗೇ ಪ್ರತಿ ಸಲ ನಡುವೆ ಒಂದೊಂದು ಹೆಚ್ಚಿಸುತ್ತ ಹೋದರೆ ಕೊನೆಗೆ 20 ಉಳಿಯುತ್ತವೆ. ಸರಪಳಿಯ ಎರಡೂ ಬದಿಗಳಿಂದ 18ರಂತೆ ಎತ್ತಿ, ಮೂಲೆಯ ತೂತು ಮುಚ್ಚಲು ಒಂದೊಂದು ಹೆಚ್ಚಿಗೆ. ಮೇಲಿನ 36 ಸೇರಿ ಒಟ್ಟು 94. ಈಗ 2.5ರ ಕಡ್ಡಿ, ಎರಡು ಬಣ್ಣ. ಮೇಲೆ ಹೂವು, ಅಡಿಯಲ್ಲಿ ಒಂದು-ಒಂದು ಚೌಕುಳಿ. ಚೌಕುಳಿಯಲ್ಲಿ ಎಳೆ ಒಂದೇ ಕುಣಿಕೆಯಷ್ಟು ಉದ್ದ, ಹಾಗಾಗಿ ಅಂಗಾಲು ಎರಡು ಪದರವಾಗಿ ಗಟ್ಟಿ ಬಾಳುತ್ತದೆ. ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಎರಡೂ ಬದಿಯಲ್ಲಿ ಒಂದೊಂದು ಕಡಿಮೆ ಮಾಡುತ್ತ 22 ಸುತ್ತಿಗೆ 72ಕ್ಕೆ ಬನ್ನಿ.

ಬೆರಳ ತುದಿಗೆ 6.5 ಸೆಂ.ಮೀ. ಬಾಕಿಯಿರುವಾಗ ಮೊನೆ ಶುರು: ಸುತ್ತು ಬಿಟ್ಟು ಸುತ್ತಿಗೆ ನಾಲ್ಕು ಕಡಿಮೆ, 40 ಉಳಿಯುವ ತನಕ, ಆಮೇಲೆ ಪ್ರತಿ ಸುತ್ತಿಗೂ, 16ರ ತನಕ. ಎಂಟು-ಎಂಟನ್ನು ದಬ್ಬಳದಲ್ಲಿ ಜೋಡಿಸಿ ಹೊಲಿಯಿರಿ. ಎರಡನೆಯ ಚೀಲವನ್ನು ಅದೇ ವಾರ ಶುರುಮಾಡಿ. ತಿಂಗಳು ಬಿಟ್ಟು ಹಾಕಿದ ಜೊತೆ ಅಳತೆಯಲ್ಲಿ ಅವಳಿಯಾಗುವುದಿಲ್ಲ, ಕೈಯ ಬಿಗಿ ಅಷ್ಟರಲ್ಲಿ ಬದಲಾಗಿರುತ್ತದೆ.

ಊರಿಗೆ ಮರಳುವಾಗ ಲೋಹದ ಕಡ್ಡಿಗಳನ್ನು ಚೆಕ್‌ಇನ್ ಪೆಟ್ಟಿಗೆಗೆ ಹಾಕಿ, ತಪಾಸಣೆಯಲ್ಲಿ ವಾದಿಸುವ ಕೆಲಸ ತಪ್ಪುತ್ತದೆ. ಅರ್ಧ ಮುಗಿದದ್ದನ್ನು ವಿಮಾನದಲ್ಲಿ ಹೆಣೆಯಬೇಕೆಂದಿದ್ದರೆ ಬಿದಿರಿನ ಕಡ್ಡಿ, ಜೊತೆಗೆ ಕುಣಿಕೆ ಜಾರದಂತೆ ತುದಿಗೆ ರಬ್ಬರ್ ಬ್ಯಾಂಡ್. ಮುಗಿದ ಜೊತೆಯನ್ನು ಉಗುರುಬೆಚ್ಚಗಿನ ನೀರು, ಉಣ್ಣೆಯ ಸೋಪಿನಲ್ಲಿ ಹತ್ತು ನಿಮಿಷ ನೆನೆಸಿ. ಹಿಂಡಬೇಡಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ. ತಂತಿಯ ಹ್ಯಾಂಗರನ್ನು ಪಾದದ ಆಕಾರಕ್ಕೆ ಬಗ್ಗಿಸಿ ಅದಕ್ಕೆ ತೊಡಿಸಿ ಒಣಗಿಸಿದರೆ ಹೂವಿನ ಸುಕ್ಕೆಲ್ಲ ಬಿಡುತ್ತದೆ. ತಂತಿ ತುಕ್ಕು ಹಿಡಿಯುವಂಥದಾದರೆ ಮೊದಲು ಪ್ಲಾಸ್ಟಿಕ್ ಸುತ್ತಿ. ಬೆಂಗಳೂರಿನ ಮಳೆಗಾಲಕ್ಕೆ ಎರಡು ದಿನ ಹೆಚ್ಚೇ ಬೇಕು: ಒಂದು ದಿನ ಸೀದಾ ಮೈ ಹೊರಗೆ, ಇನ್ನೊಂದು ದಿನ ಒಳಮೈ ಹೊರಗೆ.