ಎಲ್ಲರ ಮನೆಯ ಎಳ್ಳು

ಸಂಕ್ರಾಂತಿಯ ರಾತ್ರಿ ನಮ್ಮ ಮನೆಯ ದೇವರ ಗೂಡಿನ ಮುಂದೆ ಒಂದು ಹಿತ್ತಾಳೆ ಡಬ್ಬಿ ಇರುತ್ತಿತ್ತು. ಬೆಳಿಗ್ಗೆ ಅದು ಖಾಲಿ. ಸಂಜೆ ಎಳ್ಳು ಬೀರಲು ಬಂದ ಹೆಣ್ಣುಮಕ್ಕಳು ಕೊಟ್ಟುಹೋದ ಪೊಟ್ಟಣಗಳನ್ನು ಅಮ್ಮ ಒಂದೊಂದಾಗಿ ಬಿಚ್ಚಿ ಅದಕ್ಕೇ ಸುರಿಯುತ್ತಿದ್ದಳು. ಒಬ್ಬರ ಮನೆಯದರಲ್ಲಿ ಕೊಬ್ಬರಿ ಮುಂದು, ಇನ್ನೊಬ್ಬರದರಲ್ಲಿ ಹುರಿಗಡಲೆಯೇ ಎಲ್ಲ, ಮತ್ತೊಬ್ಬರ ಬೆಲ್ಲ ಕಪ್ಪು, ಮೂಲೆಮನೆಯವರು ಬಣ್ಣಬಣ್ಣದ ಜೀರಿಗೆ ಪೆಪ್ಪರ್‌ಮಿಂಟು ಬೆರೆಸಿರುತ್ತಿದ್ದರು. ರಾತ್ರಿ ಒಂಬತ್ತರ ಹೊತ್ತಿಗೆ ಡಬ್ಬಿ ತುಂಬಿ, ಯಾವುದು ಯಾರ ಮನೆಯದೆಂದು ಹೇಳಲಾಗದಂತೆ ಎಲ್ಲವೂ ಕಲೆತುಹೋಗಿರುತ್ತಿತ್ತು. ಮಲಗುವ ಮುಂಚೆ ಅಮ್ಮ ಅಲ್ಲಿ ನಿಂತು ಕೈಮುಗಿಯುತ್ತಿದ್ದಳು. ದೇವರಿಗೆ ಮುಗಿಯುತ್ತೀಯೋ ಡಬ್ಬಿಗೆ ಮುಗಿಯುತ್ತೀಯೋ ಎಂದು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ. "ಎರಡೂ ಒಂದೇ ಕಡೆ ಇವೆಯಲ್ಲ ಪುಟ್ಟಿ" ಎಂದಿದ್ದಳು.

ಅವಳ ಸಂಕ್ರಾಂತಿ ಶುರುವಾಗುತ್ತಿದ್ದುದು ಜನವರಿಯಲ್ಲಲ್ಲ, ಕಾರ್ತಿಕದ ಕಡೆಯ ಸೋಮವಾರ, ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ. ಬೆಳೆದವರು ಮೊದಲ ಫಸಲನ್ನು ದೊಡ್ಡ ಬಸವಣ್ಣನಿಗೆ ಒಪ್ಪಿಸಿ ಆಮೇಲೆ ಮಾರಲು ಕೂರುವ ಪರಿಷೆ ಅದು. ಅಮ್ಮ ಬಸವಣ್ಣನ ದರ್ಶನ ಮಾಡಿಕೊಂಡು ಬಂದು, ರಸ್ತೆಯ ಎರಡೂ ಬದಿ ಗುಡ್ಡೆ ಹಾಕಿದ ಕಾಯಿಗಳಲ್ಲಿ ಒಂದೆರಡನ್ನು ಒಡೆದು ನೋಡಿ, ಒಣಗಿದ ಗಟ್ಟಿ ಕಾಯಿಯನ್ನೇ ಆರಿಸಿ ತರುತ್ತಿದ್ದಳು. "ಇದು ಆಗಲೇ ಸ್ವಾಮಿಯ ಕಣ್ಣಿಗೆ ಬಿದ್ದ ಕಾಯಿ" ಎಂದು ಅದನ್ನು ಬೇರೆಯಾಗಿ ಎತ್ತಿಡುತ್ತಿದ್ದಳು. ನಮಗೆ ತಿನ್ನಲು ತಂದ ಹಸಿಕಾಯಿ ಬೇರೆ ಚೀಲದಲ್ಲಿ.

ಜನವರಿ ಮೊದಲ ವಾರ ತಿಪಟೂರು ಕೊಬ್ಬರಿ ಬರುತ್ತಿತ್ತು. ಗಿಟುಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೊಳ್ಳಬೇಕು. ಒಡೆದ ಮೇಲೆ ಬೆನ್ನಿನ ಕಂದು ಸಿಪ್ಪೆಯನ್ನು ಒಂದು ಚೂರೂ ಉಳಿಯದಂತೆ ಹೆರೆದು, ಅಡಕತ್ತರಿಯಲ್ಲಿ ಸಣ್ಣಗೆ, ಎಲ್ಲವೂ ಒಂದೇ ಅಳತೆಗೆ ಬರುವ ಹಾಗೆ ಕತ್ತರಿಸಬೇಕು. ಬೆಲ್ಲವನ್ನೂ ಹಾಗೆಯೇ. ಬೆಲ್ಲ ಕತ್ತರಿಸುವುದು ಕೊಬ್ಬರಿಗಿಂತ ಕಷ್ಟ: ಒತ್ತು ಹೆಚ್ಚಾದರೆ ಪುಡಿ, ಕಡಿಮೆಯಾದರೆ ಅಲುಗು ಇಳಿಯುವುದೇ ಇಲ್ಲ. ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಏಳುತ್ತಿತ್ತು. ಅವನ್ನು ತಾರಸಿಯ ಮೇಲೆ ಹಳೆಯ ನೂಲಿನ ಸೀರೆ ಹಾಸಿ ಎರಡು ಮೂರು ದಿನ ಬಿಸಿಲಿಗೆ ಹರಡಿದರೆ ಬೆಲ್ಲದ ಮೈ ಒಣಗಿ, ಡಬ್ಬಿಯಲ್ಲಿ ಒಂದಕ್ಕೊಂದು ಅಂಟಿಕೊಳ್ಳದೆ ಉಳಿಯುತ್ತದೆ. ಕಾಗೆ, ಅಳಿಲು ಬಾರದಂತೆ ಕಾವಲಿಗೆ ನಾನು ಮತ್ತು ತಮ್ಮ. ಕಡಲೆಕಾಯಿ ಬೀಜ ಹುರಿದು, ಬೆಚ್ಚಗಿರುವಾಗಲೇ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ, ಬೇಳೆ ಮಾಡಿಕೊಳ್ಳಬೇಕು. ಹುರಿಗಡಲೆಗೆ ಸುಮ್ಮನೆ ಬಾಣಲೆಯ ಶಾಖ ತಾಗಿದರೆ ಸಾಕು. ಬಿಳಿ ಎಳ್ಳು ಕಡೆಯಲ್ಲಿ: ಚಟಪಟ ಎಂದು ಎರಡು ಕಾಳು ಸಿಡಿದ ಕೂಡಲೇ ಇಳಿಸಿಬಿಡಬೇಕು. ಅಮ್ಮನ ಲೆಕ್ಕ ಬಾಯಿಪಾಠ. ಕೊಬ್ಬರಿ, ಬೆಲ್ಲ, ಕಡಲೆಬೀಜ, ಹುರಿಗಡಲೆ ಒಂದೊಂದು ಪಾವು, ಎಳ್ಳು ಅರ್ಧ ಪಾವು. ಹೆಸರು ಎಳ್ಳಿನದು, ಅಳತೆಯಲ್ಲಿ ಅದೇ ಕಡಿಮೆ.

ಇಷ್ಟೆಲ್ಲ ನಡೆಯುವಾಗ ಅವಳು ಒಂದು ಚೂರನ್ನೂ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹದ ಎಲ್ಲ ಮೂಗಿನಲ್ಲಿ, ಬೆರಳಿನಲ್ಲಿ. ನೈವೇದ್ಯವಾಗುವ ತನಕ ಅದು ನಮ್ಮದಲ್ಲ ಎಂಬ ನೇಮ. ನಾವು ಮಕ್ಕಳು ಕದ್ದು ಬಾಯಿಗೆ ಹಾಕಿಕೊಂಡದ್ದು ಕಂಡರೂ ಅವಳು ಗದರುತ್ತಿರಲಿಲ್ಲ. ಆ ಸೀರೆಯಂಚಿನ ಭಾಗವನ್ನು ಬೇರೆ ತಟ್ಟೆಗೆ ಬಳಿದು, "ಇದು ನಿಮ್ಮದು, ಇನ್ನು ಆ ಕಡೆ ಮುಟ್ಟಬೇಡಿ" ಎನ್ನುತ್ತಿದ್ದಳು.

ಸಕ್ಕರೆ ಅಚ್ಚಿನದು ಇನ್ನೂ ದೊಡ್ಡ ವ್ರತ. ಅಜ್ಜಿಯ ಕಾಲದ ಮರದ ಅಚ್ಚುಗಳು ನಮ್ಮಲ್ಲಿ ಹನ್ನೆರಡು ಜೊತೆ: ಆನೆ, ಗಿಳಿ, ಬಾಳೆಗೊನೆ, ಗೋಪುರ, ತುಳಸಿಕಟ್ಟೆ, ಕಮಲ, ಶಿವಲಿಂಗ. ಹಿಂದಿನ ರಾತ್ರಿಯೇ ಅವನ್ನು ನೀರಿನಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಪಾಕ ಮರಕ್ಕೆ ಕಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಜೋಡಿಸಿ, ದಾರ ಬಿಗಿದು, ಒದ್ದೆ ಬಟ್ಟೆಯ ಮೇಲೆ ಬಾಯಿ ಮೇಲಾಗಿ ನಿಲ್ಲಿಸಬೇಕು. ಸಕ್ಕರೆ ಕರಗಿ ಕುದಿಯುವಾಗ ಒಂದು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ತೆಳುಬಟ್ಟೆಯಲ್ಲಿ ಸೋಸಿ, ಆ ತಿಳಿಯನ್ನು ಒಂದು ಸಲಕ್ಕೆ ಒಂದೆರಡು ಸೌಟಿನಷ್ಟು ಮಾತ್ರ ಪುಟ್ಟ ಪಾತ್ರೆಯಲ್ಲಿ ಕಾಯಿಸಬೇಕು. ಎಳೆ ಬಂದ ಮೇಲೆ ಇಳಿಸಿ ತಿರುವುತ್ತಿದ್ದರೆ ಒಂದು ಗಳಿಗೆಯಲ್ಲಿ ತಿಳಿ ಮಬ್ಬಾಗುತ್ತದೆ. ಹೊಯ್ಯಬೇಕಾದದ್ದು ಆಗಲೇ. ಮುಂಚೆ ಹೊಯ್ದರೆ ಗಿಳಿ ಅಂಟಂಟಾಗಿ ಉಳಿಯುತ್ತದೆ, ತಡವಾದರೆ ಪಾತ್ರೆಯಲ್ಲೇ ಮರಳಿ ಸಕ್ಕರೆ. ಅಮ್ಮ ಆ ಹೊತ್ತಿನಲ್ಲಿ ಯಾರೊಂದಿಗೂ ಮಾತಾಡುತ್ತಿರಲಿಲ್ಲ, ತುಟಿಯಲ್ಲಿ ವಿಷ್ಣುಸಹಸ್ರನಾಮ ಮಾತ್ರ. ದಾರ ಬಿಚ್ಚಿ ಎರಡು ಹೋಳು ಬೇರ್ಪಡಿಸಿದಾಗ ಬಿಳಿ ಆನೆ ಸೊಂಡಿಲು ಮುರಿಯದೆ ಹೊರಬಂದರೆ ಅವಳ ಮುಖ ನೋಡಬೇಕಿತ್ತು. ಮೊದಲು ಬಂದ ಅಚ್ಚು ದೇವರಿಗೆ. ಮುರಿದ ಸೊಂಡಿಲುಗಳೆಲ್ಲ ನಮಗೆ.

ಈಗ ಎಲ್ಲವೂ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಕೆಲಸಕ್ಕೆ ಹೋಗಿಬರುವ ಹೆಣ್ಣುಮಕ್ಕಳು ಅದನ್ನು ತಂದು ದೇವರ ಮುಂದಿಟ್ಟು ಹಂಚಿದರೆ ಅವರ ಭಕ್ತಿ ಕಡಿಮೆಯೆಂದು ನಾನು ಹೇಳಲಾರೆ, ನಾನೂ ಎಷ್ಟೋ ವರ್ಷ ಹಾಗೆ ಮಾಡಿದ್ದೇನೆ. ಆದರೆ ಒಂದು ಹಿಡಿಯಷ್ಟಾದರೂ ಕೊಬ್ಬರಿಯನ್ನು ನಾವೇ ಕತ್ತರಿಸಿ ಬೆರೆಸಬೇಕು ಎಂದು ನನ್ನ ಆಸೆ. ಯಾರಿಗೆ ಕೊಡುತ್ತೇವೋ ಅವರು ಆ ಹೊತ್ತಿನಲ್ಲಿ ಮನಸ್ಸಿಗೆ ಬರುತ್ತಾರೆ. ಕೈ ಕೆಲಸ ಮಾಡುತ್ತಿದ್ದಂತೆ ಒಬ್ಬೊಬ್ಬರ ಮುಖವೂ ಬಂದುಹೋಗುತ್ತದೆ, ಮಾತು ಬಿಟ್ಟವರದ್ದೂ.

ನಮ್ಮ ಅಡುಗೆಮನೆಯಲ್ಲಿ ಎಳ್ಳಿನ ಡಬ್ಬಿಗಳು ಎರಡು. ಬಿಳಿ ಎಳ್ಳಿನದು ಸಾರಿನ ಪುಡಿಯ ಪಕ್ಕದಲ್ಲಿ. ಕರಿ ಎಳ್ಳಿನದು ಮೇಲಿನ ಹಲಗೆಯಲ್ಲಿ, ದರ್ಭೆಯ ಕಟ್ಟಿನ ಜೊತೆ. ಸಂಕ್ರಮಣದ ದಿನ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಕರಿ ಎಳ್ಳು ತೆಗೆದುಕೊಂಡು, ಹೋದ ಹಿರಿಯರ ಹೆಸರು ಹೇಳಿ ತರ್ಪಣ ಬಿಡುತ್ತಿದ್ದರು. ಭೀಷ್ಮರು ಶರಶಯ್ಯೆಯ ಮೇಲೆ ಮಲಗಿ ಕಾದದ್ದು ಈ ಉತ್ತರಾಯಣಕ್ಕೇ ಎಂದು ಪ್ರತಿ ವರ್ಷ ನಮಗೆ ನೆನಪಿಸುತ್ತಿದ್ದರು. (ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಆಸುಪಾಸಿಗೇ, ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ಎಣಿಸುವುದರಿಂದ ಮಕರ ಸಂಕ್ರಮಣ ಈಗ ಜನವರಿ 14 ಅಥವಾ 15ಕ್ಕೆ ಬರುತ್ತದೆ ಎಂದು ತಮ್ಮ ವಾದಿಸಿದ್ದುಂಟು. ಅಪ್ಪ ತಲೆಯಾಡಿಸಿ ತರ್ಪಣ ಮುಂದುವರಿಸುತ್ತಿದ್ದರು.) ಬೆಳಿಗ್ಗೆ ಹೋದವರಿಗೆ ಎಳ್ಳು, ಸಂಜೆ ಇರುವವರಿಗೆ ಎಳ್ಳು.

ನನ್ನ ಮದುವೆಯಾದ ನಾಲ್ಕನೆಯ ವರ್ಷ ಅಪ್ಪ ಹೋದರು. ಆ ಸಂಕ್ರಾಂತಿಗೆ ಅಮ್ಮನ ಮನೆಯಲ್ಲಿ ಹಬ್ಬವಿರಲಿಲ್ಲ. ಮರುವರ್ಷ ಅಚ್ಚುಗಳನ್ನೆಲ್ಲ ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು ಅವಳು ನಮ್ಮ ಮನೆಗೆ ಬಂದಳು. ಅದು ನಾನು ಬಾಳೆಹಣ್ಣು ಬೀರುವ ಕಡೆಯ ವರ್ಷ. ನಮ್ಮ ಕಡೆ ಹೊಸದಾಗಿ ಮದುವೆಯಾದವರು ಮೊದಲ ವರ್ಷ ಒಬ್ಬೊಬ್ಬ ಮುತ್ತೈದೆಗೆ 5 ಹಣ್ಣು, ಎರಡನೆಯ ವರ್ಷ 10, ಹೀಗೆ ಐದನೆಯ ವರ್ಷಕ್ಕೆ 25 ಕೊಡುತ್ತಾರೆ. ಅಮ್ಮ ಎರಡು ದಿನ ಕೂತು ಕೊಬ್ಬರಿ, ಬೆಲ್ಲ ಕತ್ತರಿಸಿದಳು. ಅಚ್ಚು ಹೊಯ್ದಳು, ಒಂದು ಸೊಂಡಿಲೂ ಮುರಿಯಲಿಲ್ಲ. ಸಂಜೆ ಅಕ್ಕಪಕ್ಕದವರು ಬರುವ ಹೊತ್ತಿಗೆ ಮಾತ್ರ ಎದ್ದು ಒಳಕೋಣೆಗೆ ಹೋಗಿ ಬಾಗಿಲ ಹಿಂದೆ ಕೂತುಬಿಟ್ಟಳು. ಯಾರೂ ಹೋಗು ಎಂದಿರಲಿಲ್ಲ. ಹೇಳುವ ಅಗತ್ಯವೇ ಬೀಳದಂತೆ ನಾವು ಕಟ್ಟಿಕೊಂಡಿರುವ ಪದ್ಧತಿ ಅದು. ತಟ್ಟೆ ಹಿಡಿದು ನಿಂತ ನನಗೆ ಕೈ ನಡುಗುತ್ತಿತ್ತು. ಅಡಕತ್ತರಿಯ ಬೊಬ್ಬೆ ಅವಳ ಹೆಬ್ಬೆರಳಲ್ಲಿದೆ, ಕುಂಕುಮ ಹಚ್ಚಿಸಿಕೊಂಡು ಎಳ್ಳು ಪಡೆಯುವವರು ನಡುಮನೆಯಲ್ಲಿದ್ದಾರೆ.

ನಮ್ಮ ಅತ್ತೆಯವರು ಬಹಳ ಮಡಿಯವರು. ಅವರಿಂದ ನಾನು ಏನನ್ನೂ ನಿರೀಕ್ಷಿಸಿರಲಿಲ್ಲ. ಅವರು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ನೇರವಾಗಿ ಒಳಕೋಣೆಗೆ ಹೋದರು. "ತಗೊಳ್ಳಿ" ಎಂದರು. ಅಮ್ಮ, "ನನಗ್ಯಾಕೆ, ಮೊದಲು ಮುತ್ತೈದೆಯರಿಗೆ ಕೊಡಿ" ಎಂದಳು. ಅತ್ತೆಯವರು ಹೇಳಿದ ಮಾತು ಇಪ್ಪತ್ತು ವರ್ಷ ದಾಟಿದರೂ ನನ್ನ ಕಿವಿಯಲ್ಲಿದೆ: "ದೇವರಿಗೆ ತೋರಿಸಿ ಆಯ್ತು. ಇನ್ನು ಇದು ನಿಮ್ಮದೂ ಅಲ್ಲ, ನಮ್ಮದೂ ಅಲ್ಲ, ಪ್ರಸಾದ. ಪ್ರಸಾದ ಬೇಡ ಅನ್ನೋಕ್ಕೆ ನಿಮಗೂ ಅಧಿಕಾರವಿಲ್ಲ, ಕೊಡಬಾರದು ಅನ್ನೋಕ್ಕೆ ನಮಗೂ ಇಲ್ಲ." ಅಮ್ಮ ಎರಡೂ ಕೈ ಸೆರಗಿನಲ್ಲಿ ಒರೆಸಿಕೊಂಡು ಚಾಚಿದಳು.

ಅಲ್ಲಿಯವರೆಗೆ ನನಗೆ ನೈವೇದ್ಯವೆಂದರೆ ಗಂಟೆ ಬಾರಿಸಿ, ತಟ್ಟೆಯ ಸುತ್ತ ನೀರು ಸುತ್ತಿ, ಕಣ್ಣುಮುಚ್ಚುವುದು. ಅವತ್ತಿನಿಂದ ಅದರ ಅರ್ಥ ಬದಲಾಯಿತು. ತನಗಾಗಿ ಮಾತ್ರ ಬೇಯಿಸಿಕೊಳ್ಳುವವರು ಪಾಪವನ್ನೇ ಉಣ್ಣುತ್ತಾರೆ ಎಂದು ಗೀತೆಯ ಮೂರನೆಯ ಅಧ್ಯಾಯದಲ್ಲಿ ಬರುತ್ತದೆ. ಅಪ್ಪ ಪಾರಾಯಣ ಮಾಡುವಾಗ ಆ ಮಾತು ತುಂಬ ಕಠಿಣ ಎನಿಸುತ್ತಿತ್ತು. ಒಂದಗುಳು ಕಂಡರೂ ಬಳಗವನ್ನೆಲ್ಲ ಕರೆಯುವ ಕಾಗೆಯನ್ನು ಬಸವಣ್ಣನವರು ತೋರಿಸಿದ್ದು ನೆನಪಾದಾಗ, ತಾರಸಿಯ ಮೇಲೆ ಆ ಕಾಗೆಗಳನ್ನೇ ಓಡಿಸುತ್ತಿದ್ದೆವಲ್ಲ ಎಂದು ಸಂಕಟವಾಗುತ್ತದೆ. ಈಗ ಸೀರೆಯ ಪಕ್ಕದಲ್ಲಿ ಒಂದು ಎಲೆಯ ಮೇಲೆ ಅವಕ್ಕೂ ಇಡುತ್ತೇನೆ.

ಅಮ್ಮನಿಗೆ ಈಗ ಎಪ್ಪತ್ತೆಂಟು. ಕಳೆದ ಸಂಕ್ರಾಂತಿಗೆ ಗವಿಪುರದ ಗಂಗಾಧರೇಶ್ವರನ ದರ್ಶನ ಮಾಡಬೇಕೆಂದಳು. ಆ ಗುಹಾಲಯದಲ್ಲಿ ಸಂಕ್ರಾಂತಿಯ ಸಂಜೆ ಮುಳುಗುವ ಸೂರ್ಯನ ಕಿರಣ ನಂದಿಯ ಎರಡು ಕೊಂಬುಗಳ ನಡುವೆ ಹಾದು ಒಳಗಿನ ಲಿಂಗವನ್ನು ಮುಟ್ಟುತ್ತದೆ. ಕೆಲವೇ ನಿಮಿಷ. ಮೋಡ ಅಡ್ಡ ಬಂದರೆ ಅದೂ ಇಲ್ಲ. ಒಳಗೆ ಜಾಗ ಬಹಳ ಚಿಕ್ಕದು, ಚಾವಣಿ ತಗ್ಗು, ಜನ ಅಪಾರ. ಆ ಗಳಿಗೆಯನ್ನು ನಾವು ನೋಡಿದ್ದು ಹೊರಗೆ ಹಾಕಿದ್ದ ಪರದೆಯ ಮೇಲೆ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನದ ದೊಡ್ಡ ಕಲ್ಲಿನ ಚಕ್ರಗಳ ಕೆಳಗೆ ನಿಂತವರೆಲ್ಲ ಒಟ್ಟಿಗೆ ಹರಹರ ಎಂದರು. ಕಾಲಿಗೆ ಕಷ್ಟವಾದೀತು, ಮನೆಗೆ ಹೋಗೋಣವೇ ಎಂದೆ. ಒಳಗೆ ಹೋಗಿ ನೋಡಿಯೇ ಹೋಗುವುದು ಎಂದು ಸಾಲಿನಲ್ಲಿ ನಿಂತಳು.

ಆಗ ತನ್ನ ಬಟ್ಟೆಚೀಲ ಬಿಚ್ಚಿದಳು. ಒಳಗೆ ಪುಟ್ಟ ಪುಟ್ಟ ಕಾಗದದ ಪೊಟ್ಟಣಗಳು, ನಲವತ್ತಾದರೂ ಇದ್ದವು. ನನಗೆ ಹೇಳಿರಲೇ ಇಲ್ಲ. ಹಿಂದೆ ನಿಂತಿದ್ದ ಹಿರಿಯರಿಗೆ ಒಂದು, ಹೂ ಮಾರುವ ಹುಡುಗನಿಗೆ ಒಂದು, ಸಾಲು ನೋಡಿಕೊಳ್ಳುತ್ತಿದ್ದ ಮಹಿಳಾ ಪೊಲೀಸರಿಗೆ ಒಂದು. ಕೊಡುವಾಗ ಪ್ರತಿಯೊಬ್ಬರಿಗೂ, "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ." ಹೊಸ ತಾಳಿಯ ಹುಡುಗಿಯೊಬ್ಬಳ ಮುಂದೆ ಮಾತ್ರ ಅವಳ ಕೈ ಒಂದು ಕ್ಷಣ ಹಿಂಜರಿಯಿತು. ಹುಡುಗಿ ತಾನೇ ಎರಡೂ ಕೈ ಒಡ್ಡಿದಳು. ಅವಳ ಜೊತೆಗಿದ್ದ, ವಿಜಯಪುರದ ಕಡೆಯ ಹೆಂಗಸು ತನ್ನ ಕೈಚೀಲದಿಂದ ಒಂದು ಹಿಡಿ ಕುಸುರೆಳ್ಳು ತೆಗೆದು ಅಮ್ಮನ ಅಂಗೈಗೆ ಹಾಕಿದಳು. "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣ್ರೀ ಅವ್ವಾರ" ಎಂದು ಬಗ್ಗಿ ಕಾಲು ಮುಟ್ಟಿದಳು. ಒಂದೊಂದು ಎಳ್ಳಿಗೂ ಸಕ್ಕರೆ ಪಾಕ ಹನಿಸುತ್ತಾ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಮೈತುಂಬ ಮುಳ್ಳು ಮೂಡಿಸುವ ಆ ಕೆಲಸ ಎಷ್ಟು ತಾಳ್ಮೆಯದು ಎಂದು ಅಮ್ಮನಿಗೆ ಗೊತ್ತು. ಅಂಗೈಯನ್ನು ದೀಪದ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

ಮನೆಗೆ ಬಂದಾಗ ಒಂಬತ್ತೂವರೆ. ಸೆರಗಿನ ಗಂಟು ಬಿಚ್ಚಿ ಆ ಕುಸುರೆಳ್ಳನ್ನು, ಸಾಲಿನಲ್ಲಿ ಇನ್ಯಾರೋ ಕೊಟ್ಟಿದ್ದ ಸಕ್ಕರೆ ಗಿಳಿಯನ್ನು ಹಿತ್ತಾಳೆ ಡಬ್ಬಿಗೆ ಹಾಕಿದಳು. ದೇವರ ಮುಂದಿಟ್ಟು ಕೈಮುಗಿದಳು. ಇರುವೆ ಬಂದಾವೆಂದು ನಾನು ಮುಚ್ಚಳ ಹಾಕಲು ಹೋದೆ.

"ಬಿಗಿಯಬೇಡ ಕಣೆ, ರಥಸಪ್ತಮಿಯವರೆಗೂ ಬರುವವರಿದ್ದಾರೆ" ಎಂದಳು.