ಜಾಂಬೋಟಿ ದಾರಿಯ ಹಣ್ಣುಗಳು

19 ಮೇ 2024, ರವಿವಾರ
ಬೆಳಗಾವಿ

ಬೆಳಿಗ್ಗೆ ಕಟ್ಟಿಕೊಂಡು ಹೋದ ಚಪಾತಿ, ಬದನೆಕಾಯಿ ಪಲ್ಯ ಹಾಗೇ ಮನೆಗೆ ವಾಪಸ್ ಬಂದಿದೆ. ಇವತ್ತಿಡೀ ಹೊಟ್ಟೆಗೆ ಬಿದ್ದದ್ದು ಬರೀ ಹಣ್ಣು. ಕವಳಿ, ಗೇರು, ಮುರುಗಲ (ಕೋಕಂ), ಹಲಸು, ಕೊನೆಗೆ ಒಂದು ಹಿಡಿ ನೇರಳೆ. ನಾಲಿಗೆಯ ಮೇಲೆ ಇನ್ನೂ ಒಗರು ಉಳಿದಿದೆ. ಅದು ಹೋಗುವ ಮೊದಲೇ ಬರೆದಿಡುತ್ತೇನೆ.

ರಜೆಗೆ ಅಂತ ಅವ್ವನನ್ನು ಕರೆದುಕೊಂಡು ಟಿಳಕವಾಡಿಯ ಅಕ್ಕನ ಮನೆಗೆ ಬಂದಿದ್ದೇನೆ. ನಾವು ಬಾಗಲಕೋಟೆ ಜಿಲ್ಲೆಯವರು, ಪಟ್ಟದಕಲ್ಲಿನ ಹತ್ತಿರದ ಹಳ್ಳಿ. ನಮ್ಮ ಕಡೆ ಹಣ್ಣು ಅಂದರೆ ದಾಳಿಂಬೆ, ಪೇರಲ, ಚಿಕ್ಕು. ಬೇಸಿಗೆಗೆ ಕಲ್ಲಂಗಡಿ. ದೀಪಾವಳಿ ಹೊತ್ತಿಗೆ ಗುಡ್ಡದ ಸೀತಾಫಲ, ಬನಶಂಕರಿ ಜಾತ್ರೆ ಹೊತ್ತಿಗೆ ಬಾರಿಹಣ್ಣು. ಎಲ್ಲವೂ ಒಣ ನೆಲದಲ್ಲಿ ಕಡಿಮೆ ನೀರು ಕುಡಿದು ಸಿಹಿಯಾದ ಹಣ್ಣುಗಳು. ಅವುಗಳ ಮೇಲೆ ನನಗೆ ಬಹಳ ಪ್ರೀತಿ. ಆದರೆ ಇದೇ ಬೆಳಗಾವಿಯ ಪಶ್ಚಿಮಕ್ಕೆ ಒಂದು ತಾಸು ಹೋದರೆ ಬೇರೆಯದೇ ಹಣ್ಣುಗಳ ಸೀಮೆ ಶುರುವಾಗುತ್ತದೆ.

ಮೊನ್ನೆ ಪೇಟೆಗೆ ಹೋದಾಗ ಅಂಗಡಿಗಳ ತುಂಬ ಆಪೂಸ್ ಡಬ್ಬಿಗಳು, ಕಿವಿ, ಡ್ರ್ಯಾಗನ್ ಫ್ರೂಟ್. ಅವುಗಳ ಮುಂದೆಯೇ ಫುಟ್‌ಪಾತಿನ ಮೇಲೆ ಖಾನಾಪುರ ಕಡೆಯ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಬುಟ್ಟಿಯಲ್ಲಿ ಕಪ್ಪು ಕವಳಿ. ಒಂದು ದೊನ್ನೆ ತಗೊಂಡೆವು. ಮನೆಗೆ ಬರುವಷ್ಟರಲ್ಲಿ ಅರ್ಧ ಹಣ್ಣು ಒಡೆದು ದೊನ್ನೆಯ ತಳ ಒದ್ದೆಯಾಗಿತ್ತು. ಮಾಮಾ ನೋಡಿ ನಕ್ಕರು. "ಇದು ಇಷ್ಟು ದೂರ ಬಂದದ್ದೇ ದೊಡ್ಡದು. ತಿನ್ನಬೇಕಂದ್ರ ನಾವ ಹೋಗಬೇಕು. ರವಿವಾರ ನಡೀರಿ" ಅಂದರು.

ಮಾಮಾ ತೋಟಗಾರಿಕೆ ಓದಿದವರು. ದಾರಿಯುದ್ದಕ್ಕೂ ಇದನ್ನೇ ಬಿಡಿಸಿ ಹೇಳಿದರು. ಮಾವು, ಬಾಳೆ, ಚಿಕ್ಕು, ಪಪ್ಪಾಯಿ, ಸೀತಾಫಲ ಗಿಡದಿಂದ ಕಿತ್ತ ಮೇಲೂ ಹಣ್ಣಾಗುತ್ತವೆ. ಅವು ಎಥಿಲೀನ್ ಅನ್ನುವ ಗಾಳಿ ಬಿಡುತ್ತವೆ, ಆ ಗಾಳಿಯೇ ಕಾಯಿಯನ್ನು ಮಾಗಿಸುತ್ತದೆ. ಹುಲ್ಲಿನಲ್ಲಿ ಮುಚ್ಚಿಟ್ಟರೆ ಬೇಗ ಹಣ್ಣಾಗುವುದು ಇದೇ ಕಾರಣಕ್ಕೆ. ಹಾಗಾಗಿ ಬಲಿತ ಕಾಯಿಯನ್ನು ಲಾರಿಗೆ ಹಾಕಿದರೂ ನಡೆಯುತ್ತದೆ, ಊರು ಮುಟ್ಟಿದ ಮೇಲೆ ಹಣ್ಣಾದರಾಯಿತು. ಅವಸರ ಬಿದ್ದವರು ಕಾರ್ಬೈಡ್ ಪುಡಿ ಇಡುತ್ತಾರೆ. 2011ರ ಆಹಾರ ಸುರಕ್ಷತಾ ನಿಯಮಗಳಲ್ಲಿ ಅದಕ್ಕೆ ನಿಷೇಧವಿದೆ, ಆದರೂ ಹೆದರಿಕೆ ಹೋಗಿಲ್ಲ. ದ್ರಾಕ್ಷಿ, ದಾಳಿಂಬೆ, ನೇರಳೆ, ಗೇರು ಮಾತ್ರ ಬೇರೆ ಜಾತಿ. ಕಿತ್ತ ಮೇಲೆ ಅವು ಸಿಹಿಯಾಗುವುದಿಲ್ಲ, ಗಿಡದಲ್ಲೇ ಹಣ್ಣಾಗಬೇಕು. ದಾಳಿಂಬೆಗೆ ದಪ್ಪ ಸಿಪ್ಪೆ ಇದೆ, ತಿಂಗಳುಗಟ್ಟಲೆ ತಾಳುತ್ತದೆ. ವಿಜಯಪುರದ ತಿಕೋಟಾ, ಬಬಲೇಶ್ವರದ ಕಡೆ ಮಾರಿ ಉಳಿದ ದ್ರಾಕ್ಷಿಯನ್ನು ಶೆಡ್ಡಿನಲ್ಲಿ ಒಣಗಿಸುತ್ತಾರೆ. ನೇರಳೆಗೆ, ಗೇರಿಗೆ ಅಂಥ ದಾರಿ ಕಡಿಮೆ. ತೆಳು ಸಿಪ್ಪೆ, ತುಂಬಾ ರಸ, ಒಂದು ದಿನದ ಆಯುಷ್ಯ.

ಪಿರನವಾಡಿ ದಾಟಿ ಎಡಕ್ಕೆ ಖಾನಾಪುರ ರಸ್ತೆ ಬಿಟ್ಟು ಮುಂದೆ ಹೋದೆವು. ಕಿಣಯೆ ಆದ ಮೇಲೆ ಗಾಳಿಯೇ ಬದಲಾಯಿತು. ನಿನ್ನೆ ಸಂಜೆ ಮಳೆ ಹನಿದಿತ್ತು, ಮಣ್ಣು ಇನ್ನೂ ಹಸಿ. ಜಾಂಬೋಟಿ ಹತ್ತಿರ ರಸ್ತೆಯ ಪಕ್ಕ ಬುಟ್ಟಿಯವರು ಕಂಡರು. ಕಾರು ನಿಲ್ಲುವ ಮೊದಲೇ ಅವ್ವ ಬಾಗಿಲು ತೆಗೆದಿದ್ದಳು.

ಕವಳಿ ಹಣ್ಣನ್ನು ಇಷ್ಟು ತಾಜಾ ನಾನು ನೋಡಿಯೇ ಇರಲಿಲ್ಲ. ಬಟಾಣಿಗಿಂತ ಸ್ವಲ್ಪ ದಪ್ಪ. ಪೂರ್ತಿ ಕಪ್ಪಲ್ಲ, ಬಿಸಿಲಿಗೆ ಹಿಡಿದರೆ ಒಳಗೆ ಕೆಂಪು ಕಾಣುತ್ತದೆ. ತೊಟ್ಟಿನ ಜಾಗದಲ್ಲಿ ಬಿಳಿ ಹಾಲಿನ ಒಂದು ಸಣ್ಣ ಹನಿ. ಅದನ್ನು ಹೆಬ್ಬೆರಳಿನಿಂದ ಒರೆಸಿ ಬಾಯಿಗೆ ಹಾಕಬೇಕು. ಇಲ್ಲದಿದ್ದರೆ ತುಟಿಗೆ ಅಂಟು ಹಿಡಿಯುತ್ತದೆ. ಹಲ್ಲು ತಾಗಿಸುವುದೂ ಬೇಡ, ನಾಲಿಗೆಯಿಂದ ಒತ್ತಿದರೆ ಸಾಕು. ಮೊದಲು ಸಿಹಿ, ಹಿಂದೆಯೇ ಹುಳಿ, ಕೊನೆಗೆ ಸಣ್ಣ ಬೀಜಗಳ ಕಟುಕು. ನುಂಗಿದ ಮೇಲೆ ಬಾಯಲ್ಲಿ ಒಂದು ಪರಿಮಳ ಉಳಿಯುತ್ತದೆ. ಪೇಟೆಯಲ್ಲಿ ತಗೊಂಡ ಹಣ್ಣಿನಲ್ಲಿ ಆ ಪರಿಮಳ ಇರಲೇ ಇಲ್ಲ.

ಮಾರುವ ಅಜ್ಜಿಯ ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಅವ್ವ ಪಕ್ಕದಲ್ಲೇ ಕೂತುಬಿಟ್ಟಳು.

"ಎಲ್ಲಿಂದ ತರ್ತೀರಿ ಯವ್ವಾ?"

"ಜಂಗಲ್ದಾಗಿಂದ ಬಾಯಿ. ನಸುಕಿನ್ಯಾಗ ಹೋಗಬೇಕು. ಬಿಸಲ ಬಿದ್ರ ಹಣ್ಣ ಮೆತ್ತಗಾಗ್ತಾವ."

"ಒಬ್ಬಾಕೆನ ಹೋಗ್ತಿ?"

"ಇಲ್ಲ ಇಲ್ಲ. ನಾಕ್ ಮಂದಿ ಕೂಡಿ. ಗದ್ಲಾ ಮಾಡ್ಕೋತ ಹೋಗ್ತೇವ. ಅಸ್ವಲ್ ಇರ್ತೈತಿ."

ಅಸ್ವಲ್ ಅಂದರೆ ಕರಡಿ. ಕವಳಿ, ನೇರಳೆ, ಬಿದ್ದ ಹಲಸು ಅಂದರೆ ಕರಡಿಗೂ ಪ್ರಾಣ. ಜಾಂಬೋಟಿಯ ಸುತ್ತಲಿನ ಈ ಕಾಡಿಗೆ ಸೇರಿದ್ದೇ ಭೀಮಗಡ ವನ್ಯಜೀವಿ ಧಾಮ, 2011ರಲ್ಲಿ ಘೋಷಣೆಯಾದದ್ದು. ಅಜ್ಜಿ ಸೀರೆಯ ಸೆರಗು ಸರಿಸಿ ಮುಂಗೈ ತೋರಿಸಿದಳು. ಕವಳಿಯ ಗಿಡಕ್ಕೆ ಜೋಡಿ ಮುಳ್ಳು, ಗಟ್ಟಿ ಮುಳ್ಳು. ಮೊಣಕೈ ತನಕ ಗೀರಿದ ಗಾಯಗಳು, ಕೆಲವು ಹಳೆಯವು, ಕೆಲವು ಇವತ್ತಿನವು. ಒಂದು ದೊನ್ನೆಗೆ 20 ರೂಪಾಯಿ ಅಂದಳು. ಚೌಕಾಸಿ ಮಾಡುವ ಬಾಯಿ ಯಾರಿಗೂ ಬರಲಿಲ್ಲ. ಪೇಟೆಯಲ್ಲಿ ಡಬ್ಬಿಯ ಆಪೂಸಿಗೆ ಕೇಳಿದಷ್ಟು ಕೊಟ್ಟು, ಇಂಥವರ ಹತ್ತಿರ ಐದು ರೂಪಾಯಿಗೆ ಜಗಳಾಡುವವರನ್ನು ನೋಡಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಮುಂದೆ ಒಂದು ಚಹಾದಂಗಡಿ. ಅದರ ಹಿಂದೆ ಗೇರು ಮರ, ಅಡಿಯಲ್ಲಿ ಹಳದಿ, ಕೆಂಪು ಹಣ್ಣು ಉದುರಿ ಬಿದ್ದಿದ್ದವು. ಗೇರಿನ ಹಂಗಾಮು ಮುಗಿಯುತ್ತಾ ಬಂದಿದೆ, ಇವು ಕೊನೆಯವು. ಅಂಗಡಿಯ ಅಣ್ಣ ಗಟ್ಟಿಯಾದವನ್ನು ಆರಿಸಿ, ಕೆಳಗೆ ಜೋತಾಡುವ ಬೀಜವನ್ನು ತಿರುಚಿ ತೆಗೆದು ಡಬ್ಬಿಗೆ ಹಾಕಿಕೊಂಡ. ಬೀಜಕ್ಕೆ ದುಡ್ಡು ಬರುತ್ತದೆ. ಹಣ್ಣನ್ನು ನಮಗೆ ಸುಮ್ನೆ ಕೊಟ್ಟ, ಜೊತೆಗೆ ಒಂದು ಚಿಟಿಕೆ ಉಪ್ಪು.

ಮಾಮಾ ಹೇಳುವ ಪ್ರಕಾರ ಗೇರಿನ ನಿಜವಾದ ಹಣ್ಣು ಆ ಬೀಜವೇ. ನಾವು ಹಣ್ಣು ಅನ್ನುವುದು ಊದಿಕೊಂಡ ತೊಟ್ಟು. ಬೀಜದ ಸಿಪ್ಪೆಯಲ್ಲಿ ಚರ್ಮ ಸುಡುವ ಎಣ್ಣೆ ಇರುತ್ತದೆ, ಅದಕ್ಕೇ ಹಸಿ ಬೀಜವನ್ನು ಯಾರೂ ಕಚ್ಚಬಾರದು. ತೊಟ್ಟಿನ ಹಣ್ಣಿಗೆ ಆ ಭಯವಿಲ್ಲ. ಸಿಪ್ಪೆ ಮೇಣ ಸವರಿದ ಹಾಗೆ ಮಿನುಗುತ್ತದೆ. ಉಪ್ಪು ಹಚ್ಚಿ ಕಚ್ಚಿದೆ. ರಸ ಮುಂಗೈ ದಾಟಿ ಮೊಣಕೈ ತನಕ ಇಳಿಯಿತು! ಗೇರಿನ ವಾಸನೆ ಮೂಗಿಗೆ ಅಡರುವಷ್ಟು ಜೋರು. ರುಚಿ ಸಿಹಿಯೇ, ಆದರೆ ಗಂಟಲಲ್ಲಿ ಒಗರು ಕೆರೆಯುತ್ತದೆ. ಉಪ್ಪು ಇದ್ದರೆ ಆ ಕೆರೆತ ಕಡಿಮೆ. ಅಕ್ಕನಿಗೆ ಒಂದೇ ತುತ್ತಿಗೆ ಸಾಕಾಯಿತು. ನನಗೆ ಮಾತ್ರ ಇವತ್ತಿನ ಹಣ್ಣುಗಳಲ್ಲೆಲ್ಲ ಇದೇ ಹೆಚ್ಚು ಇಷ್ಟ. ಕಿತ್ತಳೆಗಿಂತ ಎಷ್ಟೋ ಪಟ್ಟು ಜಾಸ್ತಿ ಸಿ ಜೀವಸತ್ವ ಇದರಲ್ಲಿದೆಯಂತೆ. ಅಂಥ ಹಣ್ಣು ಇಷ್ಟೊಂದು ಮರದಡಿ ಕೊಳೆತು ಹೋಗುವುದನ್ನು ನೋಡಿ ಕರುಳು ಚುರ್ ಅಂದಿತು. ಬಿದ್ದ ದಿನವೇ ಹುಳಿಯಲು ಶುರುವಾಗುವ ಹಣ್ಣನ್ನು ಯಾರು ತಾನೇ ಸಾಗಿಸುತ್ತಾರೆ? ಚೋರ್ಲಾ ಘಾಟು ಇಳಿದು ಗೋವಾ ಸೇರಿದರೆ ಅಲ್ಲಿ ಇದನ್ನು ತುಳಿದು ಫೆನಿ ಇಳಿಸುತ್ತಾರೆ. ಆ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ.

ಗೇರು ಈ ಕಡೆಯದಲ್ಲ ಅನ್ನುವುದು ಅವ್ವನಿಗೆ ನಂಬಲಾಗಲಿಲ್ಲ. ಬ್ರೆಜಿಲ್‌ನಿಂದ 16ನೇ ಶತಮಾನದಲ್ಲಿ ಪೋರ್ಚುಗೀಸರು ಗೋವಾಕ್ಕೆ ತಂದದ್ದು. ಅನಾನಸ್, ಪಪ್ಪಾಯಿ, ಪೇರಲ, ಚಿಕ್ಕು, ಸೀತಾಫಲ ಎಲ್ಲವೂ ಅಮೆರಿಕ ಖಂಡದ ಹಣ್ಣುಗಳೇ. "ನಮ್ಮ ಗುಡ್ಡದ ಸೀತಾಫಲಾನೂ?" ಅಂತ ಅವ್ವ ಎರಡು ಸಲ ಕೇಳಿದಳು. ಹೌದು ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರ್ಲಿ ಬಿಡು. ನಮ್ಮ ಮಣ್ಣು ಅದಕ್ಕ ಹತ್ತೇತಿ" ಅಂದಳು. ನನಗೂ ಹಾಗೇ ಅನಿಸುತ್ತದೆ.

ಮುರುಗಲ ಮಾತ್ರ ಎಲ್ಲಿಂದಲೂ ಬಂದದ್ದಲ್ಲ, ಪಶ್ಚಿಮ ಘಟ್ಟದ ಮಗಳು. ಕಣಕುಂಬಿಯಲ್ಲಿ ಒಂದು ಮನೆಯ ಅಂಗಳದಲ್ಲಿ ಚಾಪೆಯ ತುಂಬ ಅದರ ಸಿಪ್ಪೆ ಒಣಹಾಕಿದ್ದರು. ನಿಂತು ನೋಡುತ್ತಿದ್ದೆವು, ಮನೆಯಾಕೆ ಒಳಗೆ ಕರೆದರು. ಕಡುಕೆಂಪು ಹಣ್ಣನ್ನು ಕೈಯಲ್ಲೇ ಒಡೆದು ಕೊಟ್ಟರು. ಒಳಗೆ ಬೀಜಗಳಿಗೆ ಅಂಟಿಕೊಂಡ ಬಿಳಿ ತಿರುಳು, ಸಿಹಿ ಹುಳಿ ಎರಡೂ ಹದವಾಗಿ. ಸಿಪ್ಪೆಯದು ಹಲ್ಲು ಜುಮ್ಮೆನ್ನುವ ಹುಳಿ. ಆ ಸಿಪ್ಪೆಯನ್ನು ಒಣಗಿಸಿ, ಅದೇ ಹಣ್ಣಿನ ಉಪ್ಪು ಹಾಕಿದ ರಸದಲ್ಲಿ ಅದ್ದಿ ಮತ್ತೆ ಬಿಸಿಲಿಗೆ ಹರವುತ್ತಾರೆ. ಹೀಗೆ ಹಲವು ಸಲ ಮಾಡಿದ ಮೇಲೆ ಅದು ಕಪ್ಪಾಗಿ ಆಮ್ಸೂಲ ಆಗುತ್ತದೆ, ವರ್ಷಗಟ್ಟಲೆ ಇರುತ್ತದೆ. ಬೀಜದಿಂದ ಗಟ್ಟಿ ತುಪ್ಪ ತೆಗೆಯುತ್ತಾರೆ, ಹಿಮ್ಮಡಿ ಒಡೆದರೆ ಹಚ್ಚಲು. ಸಕ್ಕರೆ, ಜೀರಿಗೆ ಹಾಕಿದ ಮುರುಗಲ ಪಾನಕ ಒಂದು ಚೊಂಬು ಕುಡಿದೆವು. ದುಡ್ಡು ಕೊಡಲು ಹೋದರೆ ಬೈದರು. ಒಣಗಿದ ಆಮ್ಸೂಲವನ್ನು ಮಾತ್ರ ಅರ್ಧ ಕಿಲೋ ದುಡ್ಡು ಕೊಟ್ಟು ತಂದಿದ್ದೇವೆ.

ಕಣಕುಂಬಿಗೆ ಹೋದ ಮೇಲೆ ಮೌಳಿ ದೇವಸ್ಥಾನ ನೋಡದೆ ಬರುತ್ತೇವೆಯೇ? ಮಲಪ್ರಭೆ ಹುಟ್ಟುವುದು ಅಲ್ಲೇ. ಅವ್ವ ಹುಟ್ಟಿದಾಗಿನಿಂದ ನೋಡಿದ್ದು ಪಟ್ಟದಕಲ್ಲಿನ ಗುಡಿಗಳ ಬಗಲಲ್ಲಿ ಹರಿಯುವ, ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ಹೊಳೆ. ಇಲ್ಲಿನ ಸಣ್ಣ ಕುಂಡ ನೋಡಿ ಕೈಮುಗಿದು ಅಲ್ಲೇ ನಿಂತಳು. "ಇಷ್ಟ ನೀರಲೇ ನಮ್ಮ ಹೊಲಾ ಬೆಳದದ್ದು?" ಅಂದಳು. ಈ ಊರಿನ ಮಳೆ ನಮ್ಮ ಬಯಲುಸೀಮೆಯ ಎಷ್ಟೋ ಪಟ್ಟು. ಹೊಳೆಯ ದಂಡೆಯ ನಮ್ಮ ದಾಳಿಂಬೆ ಗಿಡಗಳು ಕುಡಿಯುವುದು ಇಲ್ಲಿ ಬಿದ್ದ ಮಳೆಯನ್ನೇ. ಇಲ್ಲಿನ ನೀರು ನಮ್ಮೂರಿಗೆ ಬರುತ್ತದೆ, ಇಲ್ಲಿನ ಹಣ್ಣು ಬರುವುದಿಲ್ಲ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದೇ ಓಡುತ್ತಿತ್ತು.

ವಾಪಸ್ ಬರುವಾಗ ಹಲಸು. ಇಲ್ಲಿ ಎರಡು ಬಗೆ, ಕಾಪಾ ಮತ್ತು ಬರ್ಕಾ. ಕಾಪಾ ಗಟ್ಟಿ ತೊಳೆ, ಕಚ್ಚಿದರೆ ಕರಕ್ ಅನ್ನುತ್ತದೆ. ಬೆಳಗಾವಿ, ಹುಬ್ಬಳ್ಳಿ ಪೇಟೆಗೆ ಹೋಗುವುದು ಅದೇ. ಬರ್ಕಾ ಮೆತ್ತಗೆ, ಚಾಕು ಬೇಡ, ಕೈಯಿಂದಲೇ ಬಿಚ್ಚಬಹುದು. ತೊಳೆ ಜಾರಿ ಗಂಟಲಿಗೆ ಇಳಿಯುತ್ತದೆ. ಜನ ಕಾಪಾನೇ ಶ್ರೇಷ್ಠ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಪರಿಮಳ, ಸಿಹಿ ಎರಡರಲ್ಲೂ ಬರ್ಕಾ ಮುಂದು, ನಾರು ಸ್ವಲ್ಪ ಜಾಸ್ತಿ ಅಷ್ಟೇ. ರಸ್ತೆಯ ಪಕ್ಕ ಮರದಡಿ ಕೂತು, ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ನಾಲ್ಕೂ ಜನ ಒಂದು ಇಡೀ ಬರ್ಕಾ ಮುಗಿಸಿದೆವು. ಬೀಜ ಒಂದೂ ಚೆಲ್ಲಿಲ್ಲ, ನಾಳೆ ಹುಳಿಗೆ ಹಾಕುತ್ತಾಳಂತೆ ಅಕ್ಕ.

ಜಾಂಬೋಟಿ ಬಿಡುವಾಗ ಒಬ್ಬ ಹುಡುಗ ಈ ಹಂಗಾಮಿನ ಮೊದಲ ನೇರಳೆ ಹಿಡಿದು ನಿಂತಿದ್ದ. ಇನ್ನೂ ಸಣ್ಣವು, ಒಗರೂ ಜಾಸ್ತಿ. ಆದರೂ ತಿಂದೆವು. 7ನೇ ತಾರೀಖು ವೋಟು ಹಾಕಿದ ಶಾಯಿ ಉಗುರಿನ ಮೇಲೆ ಹಾಗೇ ಇದೆ, ಈಗ ಅದರ ಪಕ್ಕ ನೇರಳೆಯ ಬಣ್ಣವೂ ಸೇರಿದೆ.

ಈ ಕಡೆ ಬರುವವರಿದ್ದರೆ ಬೇಗ ಬನ್ನಿ. ಕವಳಿ ಇನ್ನು ಒಂದೆರಡು ವಾರ ಸಿಕ್ಕರೆ ಹೆಚ್ಚು. ದೊಡ್ಡ ಮಳೆ ಬಿದ್ದರೆ ಹಣ್ಣು ನೀರಾಗಿ ಹುಳ ಬೀಳುತ್ತದೆ, ಆಮೇಲೆ ಇಲ್ಲಿಯವರೇ ತಿನ್ನುವುದಿಲ್ಲ. ನೇರಳೆ ಜೂನಿನಲ್ಲಿ ಚೆನ್ನಾಗಿರುತ್ತದೆ. ಜೊತೆಗೆ ಉಪ್ಪು, ಸ್ವಲ್ಪ ಎಣ್ಣೆ, ಅಗಲ ಬಾಯಿಯ ಡಬ್ಬಿ ಇರಲಿ. ಪ್ಲಾಸ್ಟಿಕ್ ಚೀಲದಲ್ಲಿ ಕವಳಿ ಹಾಕಿದರೆ ಅರ್ಧ ತಾಸಿನಲ್ಲಿ ಬೆವತು ಒಡೆಯುತ್ತದೆ. ಹಳೆಯ ಅಂಗಿ ಹಾಕಿಕೊಂಡು ಬನ್ನಿ, ಗೇರಿನ ಕಲೆ ಯಾವ ಸೋಪಿಗೂ ಬಗ್ಗುವುದಿಲ್ಲ. ಬೆಳಿಗ್ಗೆ ಎಂಟರ ಒಳಗೆ ಜಾಂಬೋಟಿ ಮುಟ್ಟಿದರೆ ಬುಟ್ಟಿಗಳು ತುಂಬಿರುತ್ತವೆ.