ಇರುವೆ ಚಟ್ನಿ ಸುಲಭ, ಹಾಲೆ ಕಷಾಯ ಕಷ್ಟ

ವಿಚಿತ್ರ ಊಟದ ಮಾತು ಬಂದರೆ ಎಲ್ಲರೂ ಹೊರದೇಶದ ಕಡೆಗೇ ಕೈ ತೋರಿಸುತ್ತಾರೆ. ಥಾಯ್ಲೆಂಡಿನ ಹುರಿದ ಮಿಡತೆ, ಸ್ವೀಡನ್ನಿನ ಹುಳಿ ಬರಿಸಿದ ಮೀನಿನ ಡಬ್ಬಿ, ಸಿಂಗಪುರದ ಮೆಟ್ರೋದೊಳಗೆ ತರಬೇಡಿ ಅಂತ ಬೋರ್ಡು ಹಾಕಿರುವ ದುರಿಯನ್ ಹಣ್ಣು. ನನಗೆ ಅಷ್ಟು ದೂರ ಹೋಗುವ ಅಗತ್ಯ ಬೀಳಲಿಲ್ಲ. ನಾನು ತುಮಕೂರು ಕಡೆಯವನು. ಮುದ್ದೆ, ಹುರುಳಿಕಾಳು ಸಾರು ಇದ್ದರೆ ಸಾಕು ಅನ್ನೋ ಜಾತಿ. ಹೆಂಡತಿಯ ತವರು ಬೆಳ್ತಂಗಡಿ ಕಡೆ, ಕಾಲೇಜು ಗೆಳೆಯ ತೀರ್ಥಹಳ್ಳಿಯವನು, ಜೊತೆಗೆ ಕೆಲಸ ಮಾಡುವವರೊಬ್ಬರು ಕೊಡಗಿನವರು. ಹಾಗಾಗಿ ಮಳೆಗಾಲ ಬಂತೆಂದರೆ ನನ್ನ ನಾಲಿಗೆಗೆ ಪರೀಕ್ಷೆಯ ಕಾಲ.

ಮೊದಲು ಚಗಳಿ ಚಟ್ನಿ. ಹೆಸರು ಕೇಳಿಯೇ ಜನ ಮುಖ ಸಿಂಡರಿಸುತ್ತಾರೆ. ಚಗಳಿ ಅಂದರೆ ಮಾವಿನ ಮರ, ಗೇರು ಮರದಲ್ಲಿ ಹಸಿ ಎಲೆಗಳನ್ನು ಸೇರಿಸಿ ಗೂಡು ಕಟ್ಟುವ ಕೆಂಪು ಇರುವೆ. ಎಲೆ ಹೊಲಿಯಲು ಬೇಕಾದ ನೂಲು ಬರುವುದು ಅದರ ಮರಿಗಳ ಬಾಯಿಂದ. ದೊಡ್ಡ ಇರುವೆ ಮರಿಯನ್ನು ಬಾಯಲ್ಲಿ ಕಚ್ಚಿ ಹಿಡಿದು ಆ ಎಲೆಗೂ ಈ ಎಲೆಗೂ ಮುಟ್ಟಿಸುತ್ತಾ ಹೋಗುತ್ತದಂತೆ, ಇಷ್ಟು ಜಾಣ ಪ್ರಾಣಿಯನ್ನು ಅರೆದು ತಿನ್ನಬೇಕಾ ಅಂತ ನನಗೂ ಒಮ್ಮೆ ಅನಿಸಿತ್ತು. ತಿಂದ ಮೇಲೆ ಅನಿಸಲಿಲ್ಲ. ಗೂಡನ್ನು ಕೊಂಬೆ ಸಮೇತ ಇಳಿಸಿ, ಇರುವೆ ಮತ್ತು ಮೊಟ್ಟೆಯನ್ನು ಬಾಣಲೆಯಲ್ಲಿ ಹುರಿದು, ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ತೆಂಗಿನಕಾಯಿ ಹಾಕಿ ರುಬ್ಬುತ್ತಾರೆ. ಹುಣಸೆಹಣ್ಣು ಬೇಕಾಗಿಲ್ಲ, ಇರುವೆಯ ಮೈಯಲ್ಲಿರುವ ಫಾರ್ಮಿಕ್ ಆಮ್ಲವೇ ಹುಳಿ. ಗೆಳೆಯನ ಅಮ್ಮ ತಟ್ಟೆಗೆ ಹಾಕುತ್ತಾ "ತಿನ್ನಪ್ಪಾ, ಹುಳಿ ಅಷ್ಟೇ" ಅಂದರು. ನಿಜವಾಗಿಯೂ ಅಷ್ಟೇ. ರೊಟ್ಟಿ ಜೊತೆ ಎರಡನೇ ಸಲವೂ ಹಾಕಿಸಿಕೊಂಡೆ. ಒಡಿಶಾದ ಮಯೂರಭಂಜ್ ಜಿಲ್ಲೆಯವರು ಇದೇ ಇರುವೆಯ ಚಟ್ನಿಗೆ 2024ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಪಡೆದರು. ನಮ್ಮ ಮಲೆನಾಡಿನವರು ಸುಮ್ನೆ ತಿಂದುಕೊಂಡು ಕೂತಿದ್ದಾರೆ!

ಕಳಲೆಯದು ಬೇರೆ ಕಥೆ. ಎಳೆ ಬಿದಿರನ್ನು ಸಣ್ಣಗೆ ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಬೇಕು. ಹಸಿಯಾಗಿ ತಿಂದರೆ ಅದರಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ, ಅದಕ್ಕೇ ಈ ಉಪಚಾರ. ಆ ನೀರಿನ ವಾಸನೆ ಇದೆಯಲ್ಲಾ, ಅಡುಗೆಮನೆ ಬಿಟ್ಟು ಹಾಲ್‌ಗೂ ಬರುತ್ತದೆ. ಪಲ್ಯ ಆದ ಮೇಲೆ ಪರವಾಗಿಲ್ಲ. ಕೆಸುವಿನ ಎಲೆ ಹಾಗಲ್ಲ, ಪತ್ರೊಡೆಗೆ ಹುಳಿ ಸ್ವಲ್ಪ ಕಡಿಮೆಯಾದರೂ ಗಂಟಲು ಕೆರೆಯುತ್ತದೆ. ಎಲೆಯಲ್ಲಿ ಸೂಜಿಯಂಥ ಹರಳುಗಳಿರುತ್ತವೆ, ಅವು ಚುಚ್ಚುವುದರಿಂದಲೇ ಆ ತುರಿಕೆ.

ಆದರೆ ಇವೆಲ್ಲ ಆಟಿ ಅಮಾವಾಸ್ಯೆಯ ಕಷಾಯದ ಮುಂದೆ ಏನೂ ಅಲ್ಲ. ಜುಲೈ ಅಥವಾ ಆಗಸ್ಟ್‌ನಲ್ಲಿ ಬರುವ ಆ ದಿನ ತುಳುನಾಡಿನಲ್ಲಿ ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆ ತರುತ್ತಾರೆ. ಅವರ ಬಾಯಲ್ಲಿ ಅದು ಪಾಲೆ. ಕತ್ತಿ ಮುಟ್ಟಿಸುವಂತಿಲ್ಲ, ಕಲ್ಲಿನಿಂದ ಜಜ್ಜಿಯೇ ಎಬ್ಬಿಸಬೇಕು. ಅದನ್ನು ಬೆಳ್ಳುಳ್ಳಿ, ಕಾಳುಮೆಣಸು, ಓಮದ ಜೊತೆ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿ ಕಲ್ಲನ್ನು ಅದರೊಳಗೆ ಚುಂಯ್ ಅನ್ನಿಸುತ್ತಾರೆ, ಅದೇ ಒಗ್ಗರಣೆ. ಮನೆಮಂದಿಯೆಲ್ಲ ಖಾಲಿ ಹೊಟ್ಟೆಯಲ್ಲಿ ಸಾಲಾಗಿ ನಿಂತು ಕುಡಿಯಬೇಕು. ಆ ದಿನ ಮರದಲ್ಲಿ ಸಾವಿರದೊಂದು ಔಷಧಿ ಸೇರಿರುತ್ತದೆ ಅನ್ನುವ ನಂಬಿಕೆ. ಔಷಧಿಯ ವಿಷಯ ಗೊತ್ತಿಲ್ಲದ ನನಗೆ ಸಿಕ್ಕಿದ್ದು ಬರೀ ಕಹಿ. ಅದು ನಾಲಿಗೆಯಲ್ಲಿ ನಿಲ್ಲುವ ಕಹಿಯಲ್ಲ, ಗಂಟಲಿನ ಬುಡಕ್ಕೆ ಇಳಿದು ಅಲ್ಲೇ ಬಾಡಿಗೆಗೆ ಮನೆ ಹಿಡಿಯುತ್ತದೆ. ಮಾವ ನೀರು ಕುಡಿದ ಹಾಗೆ ಕುಡಿದು ಲೋಟ ಕವುಚಿಟ್ಟರು. ಹಿಂದೆಯೇ ಕೊಡುವ ಮೆಂತೆ ಗಂಜಿಗೆ ಬೆಲ್ಲ, ತೆಂಗಿನ ಹಾಲು ಹಾಕಿರುತ್ತಾರೆ, ಪುಣ್ಯ.

ಒಂದು ಮಾತು ಹೇಳಲೇಬೇಕು. ಕತ್ತಲಲ್ಲಿ ತಪ್ಪು ಮರದ ತೊಗಟೆ ತಂದರೆ ಕಷ್ಟ. ಕಾಸರಕ ಅನ್ನುವ ಮರದ ತೊಗಟೆ ವಿಷ. ಅದಕ್ಕೇ ಹೆಂಡತಿ ಮನೆಯಲ್ಲಿ ಹಿಂದಿನ ದಿನ ಹಗಲಲ್ಲೇ ಮರ ನೋಡಿ ಗುರುತು ಮಾಡಿ ಬರುತ್ತಾರೆ. ಮರದ ಪರಿಚಯ ಇಲ್ಲದವರು ವಿಡಿಯೋ ನೋಡಿ ಕಲ್ಲು ಹಿಡಿದು ಹೊರಡಬೇಡಿ ದಯವಿಟ್ಟು.

ಕೊಡಗಿನವರು ಈ ವಿಷಯದಲ್ಲಿ ಕರುಣಾಳುಗಳು. ಅವರಲ್ಲಿ ಆಗಸ್ಟ್ 3ರಂದು ಕಕ್ಕಡ 18, ಅಂದರೆ ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದು ಮದ್ದುಸೊಪ್ಪು ಅನ್ನುವ ಗಿಡದ ಅಡುಗೆ. ದಂಟು ಸಮೇತ ಕುದಿಸಿದರೆ ನೀರು ಕಡು ನೇರಳೆ ಆಗುತ್ತದೆ, ಅದರಲ್ಲೇ ಅಕ್ಕಿ ಬೇಯಿಸಿ ಪಾಯಸ. ಸೊಪ್ಪಿನ ವಾಸನೆ ಸ್ವಲ್ಪ ಜಾಸ್ತಿಯೇ, ಆದರೆ ಬೆಲ್ಲ, ತುಪ್ಪ ಬಿದ್ದ ಮೇಲೆ ಬಟ್ಟಲು ಖಾಲಿಯಾಗುತ್ತದೆ. ಹೊಸಬರಿಗೆ ಬಡಿಸುವ ಕೊಡಗಿನವರಲ್ಲಿ ನನ್ನದೊಂದೇ ಕೋರಿಕೆ: ಅದನ್ನು ತಿಂದರೆ ಮೂತ್ರ ಕೆಂಪಗೆ ಬರುತ್ತದೆ ಅಂತ ಬಡಿಸುವ ಮೊದಲೇ ಹೇಳಿಬಿಡಿ. ನಮ್ಮ ಆಫೀಸಿನ ಹುಡುಗನೊಬ್ಬ ಲ್ಯಾಬಿಗೆ ಓಡಿ ಪರೀಕ್ಷೆಗೆ ದುಡ್ಡು ಕಟ್ಟಿದ ಮೇಲೆ ಫೋನ್ ಮಾಡಿದ.